ಆಚೆ ದಂಡೆಗೆ ಕುಡಿತ ತಂದವರು ಯಾರು?

ಗಂಗಾವತಿ ಸೀಮೆಯಲ್ಲಿ ಕುಡಿತದ ಮಾತು ಎದ್ದರೆ ಅದು ಸುತ್ತಿ ಬಳಸಿ ವಿರೂಪಾಪುರ ಗಡ್ಡೆಗೆ ಹೋಗಿ ನಿಲ್ಲುತ್ತದೆ. ಹಂಪಿಯ ವಿರೂಪಾಕ್ಷ ಗೋಪುರಕ್ಕೆ ಎದುರಾಗಿ, ತುಂಗಭದ್ರೆಯ ಕವಲುಗಳ ನಡುವೆ ಇರುವ ಈ ನಡುಗಡ್ಡೆಗೆ ಬೆನ್ನಿಗೆ ಚೀಲ ಏರಿಸಿಕೊಂಡ ಹೊರದೇಶದ ಹುಡುಗ ಹುಡುಗಿಯರು ಗೋವಾದಿಂದ ರಾತ್ರಿ ಬಸ್ ಹಿಡಿದು ಬರುವುದು ದಶಕಗಳ ರೂಢಿ. ಅವರು ಬಂದರು, ಅವರ ಹಿಂದೆ ಬಿಯರ್ ಬಂತು, ಬಿಯರಿನ ಹಿಂದೆ ಗಾಂಜಾ ಬಂತು, ಇದನ್ನೆಲ್ಲ ನೋಡಿ ಊರ ಹುಡುಗರು ಕೆಟ್ಟರು, ಕೊನೆಗೆ ಸುಪ್ರೀಂ ಕೋರ್ಟೇ ಆ ಹೋಟೆಲುಗಳನ್ನು ಕೆಡವಿಸಿತು. ಬಹಳ ಜನ ನಂಬಿರುವ ಕಥೆ ಇದು.

ಈ ನಂಬಿಕೆಯನ್ನು ಬರಿಯ ಮಡಿವಂತಿಕೆ ಎಂದು ತಳ್ಳಿಹಾಕುವಂತಿಲ್ಲ. ಭತ್ತ, ಬಾಳೆ ಬೆಳೆಯುತ್ತಿದ್ದ ಗಡ್ಡೆಯಲ್ಲಿ ನೋಡನೋಡುತ್ತ ಗುಡಿಸಲು ಹೋಟೆಲುಗಳ ಸಾಲು ಎದ್ದದ್ದು ನಿಜ. ಲೈಸೆನ್ಸ್ ಇದ್ದೋ ಇಲ್ಲದೆಯೋ ಅಲ್ಲಿ ಬಿಯರ್ ಸಿಗುತ್ತಿದ್ದದ್ದೂ, ಗಾಂಜಾಕ್ಕಾಗಿ ಪೊಲೀಸರು ದಾಳಿ ಮಾಡುತ್ತಿದ್ದದ್ದೂ ನಿಜ. ಹೊಲದ ಕೂಲಿ ಬಿಟ್ಟು ಅಲ್ಲಿ ತಟ್ಟೆ ಎತ್ತಲು ಹೋದ ಹದಿನೆಂಟರ ಹುಡುಗನಿಗೆ ದುಡ್ಡೂ ಕಂಡಿತು, ಬಾಟಲಿಯೂ ಕಂಡಿತು. ಅವನ ತಾಯಿಗೆ ಪ್ರವಾಸೋದ್ಯಮದ ಲೆಕ್ಕಾಚಾರ ಹೇಳಿದರೆ ಆಕೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಇನ್ನು ಬಂದವರ ಬಾಯಲ್ಲಿ ಇದೇ ಕಥೆ ತಿರುವುಮುರುವಾಗಿ ಓಡಾಡುತ್ತದೆ. ಹಂಪಿಯ ಗುಡಿಬೀದಿಯಲ್ಲಿ ಮದ್ಯ ಮಾಂಸ ಇಲ್ಲ, ಸಂಜೆಯಾದರೆ ದೋಣಿಯೂ ನಿಲ್ಲುತ್ತದೆ. ಈಚೆ ದಂಡೆ ದೇವರದು, ಆಚೆ ದಂಡೆ ಸ್ವತಂತ್ರ ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಊರಿನವರು ಬೈಯುತ್ತ ಹೇಳುವುದನ್ನೇ ಪ್ರವಾಸಿಗರು ಮೆಚ್ಚಿ ಹೇಳುತ್ತಾರೆ, ಅಷ್ಟೆ. ಎರಡರ ಬುಡದಲ್ಲೂ ಇರುವುದು ಒಂದೇ ಗ್ರಹಿಕೆ: ಈ ನೆಲದ ಸ್ವಂತ ಪದ್ಧತಿ ಎಂದರೆ ಕುಡಿಯದಿರುವುದು, ಕುಡಿತ ಹೊರಗಿನದು, ಹೊಳೆ ಇವೆರಡರ ನಡುವಿನ ಗಡಿ.

ಈ ಗ್ರಹಿಕೆಯನ್ನು ಪರೀಕ್ಷಿಸಲು ಮೊದಲು ಕಾಲದ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಹೊಳೆಯ ಒಂದು ದಂಡೆ ಒಣಗಿ ಇನ್ನೊಂದು ದಂಡೆ ಒದ್ದೆಯಾಗಿದ್ದು ಪ್ರವಾಸಿಗರ ಕಾಲದಲ್ಲಲ್ಲ. ಹಂಪಿ ಇದ್ದದ್ದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಆನೆಗೊಂದಿ, ಗಂಗಾವತಿ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿ. ರಾಜಾಜಿ 1937ರಲ್ಲಿ ಸೇಲಂನಿಂದ ಶುರುಮಾಡಿದ ಪಾನನಿಷೇಧ 1948ರ ಅಕ್ಟೋಬರ್ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತಕ್ಕೆ ಹಬ್ಬಿತು. ಉತ್ತರ ದಂಡೆಯಲ್ಲಿ ಅಂಥದ್ದೇನೂ ಇರಲಿಲ್ಲ. ನಿಜಾಮರ ಖಜಾನೆಯ ದೊಡ್ಡ ಆದಾಯಮೂಲಗಳಲ್ಲಿ ಅಬಕಾರಿಯೂ ಒಂದು. ಈಚಲ ಮರಕ್ಕೆ ತೆರಿಗೆ, ಸೇಂದಿ ಅಂಗಡಿಗೆ ಹರಾಜು, ಸಾರಾಯಿಗೆ ಗುತ್ತಿಗೆ. ಅಂದರೆ ಆ ವರ್ಷಗಳಲ್ಲಿ ಹಂಪಿಯಿಂದ ಹರಿಗೋಲು ಹತ್ತಿ ಆನೆಗೊಂದಿ ಕಡೆ ಇಳಿದವನು ಪಾನನಿಷೇಧದ ಸೀಮೆಯಿಂದ ಅಬಕಾರಿ ಹರಾಜಿನ ಸೀಮೆಗೆ ಕಾಲಿಡುತ್ತಿದ್ದ. ಎರಡೂ ಕಡೆ ಇದ್ದದ್ದು ಒಂದೇ ಭಾಷೆ, ಅವೇ ದೇವರು, ಅವೇ ಜಾತಿಗಳು. ಬೇರೆಯಾಗಿದ್ದದ್ದು ಸರ್ಕಾರ ಮಾತ್ರ. ರಾಜ್ಯ ಒಂದಾದ ಮೇಲೂ ಪಾನನಿಷೇಧದ ವಿಚಾರದಲ್ಲಿ ಈ ಹಳೆಯ ಗಡಿಗಳು ಕೂಡಲೇ ಅಳಿಯಲಿಲ್ಲ. 1967ರಲ್ಲಿ ಮೈಸೂರು ಸರ್ಕಾರ ಅದನ್ನು ಕೈಬಿಡುವ ತನಕ ಒಂದೇ ರಾಜ್ಯದೊಳಗೆ ಒಣ ಜಿಲ್ಲೆಗಳೂ ಇದ್ದವು, ಒದ್ದೆ ಜಿಲ್ಲೆಗಳೂ ಇದ್ದವು.

ಇನ್ನೂ ಹಿಂದಕ್ಕೆ ಹೋದರೂ ಒಣ ಸಂಸ್ಕೃತಿಯ ಕಾಲವೊಂದು ಸಿಕ್ಕುವುದಿಲ್ಲ. ಕುಕನೂರಿನ ಹತ್ತಿರದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಗುಡಿ ಕಟ್ಟಿಸಿದಾಗ ಆಳುತ್ತಿದ್ದವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಕ್ರೀಡೆಗಳ ಪಟ್ಟಿಯಲ್ಲಿ ಮದಿರಾಪಾನವೂ ಸೇರಿದೆ. ಅದೇ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದ. ಜನ ಅವನನ್ನು ಇವತ್ತಿಗೂ ಗುರುತಿಸುವುದು ಹೆಂಡದ ಮಾರಯ್ಯ ಎಂದೇ. ಅರಮನೆಯಲ್ಲೂ ಕುಡಿತವಿತ್ತು, ಪೇಟೆಯಲ್ಲೂ ಇತ್ತು, ಅದನ್ನು ಬಿಡಿ ಎನ್ನುವವರೂ ಇದ್ದರು. ಈ ಮೂರೂ ಸೇರಿದ್ದು ಇಲ್ಲಿನ ಪರಂಪರೆ. ಮೂರನೆಯದನ್ನು ಮಾತ್ರ ಎತ್ತಿಟ್ಟುಕೊಂಡು ಇದೇ ನಮ್ಮ ಸಂಸ್ಕೃತಿ ಎಂದರೆ ಲೆಕ್ಕ ತಪ್ಪುತ್ತದೆ.

ಈಗ ಆ ರಾತ್ರಿ ಬಸ್ಸನ್ನೇ ಹಿಂಬಾಲಿಸಬಹುದು. ಹುಬ್ಬಳ್ಳಿ ದಾಟಿದ ಮೇಲೆ ಗದಗ, ಕೊಪ್ಪಳದ ಮೇಲೆ ಹಾದು ಹೊಸಪೇಟೆ ಸೇರುವ 67ನೇ ರಾಷ್ಟ್ರೀಯ ಹೆದ್ದಾರಿ ಅದು. ಪ್ರವಾಸಿಗ ಎಚ್ಚರವಾಗಿ ಕಿಟಕಿಯಿಂದ ನೋಡಿದರೆ ಊರ ಹೊರಗೆ ಢಾಬಾ, ಪಂಕ್ಚರ್ ಅಂಗಡಿ, ಚಹಾದಂಗಡಿ ಕಾಣುತ್ತವೆ, ಮದ್ಯದಂಗಡಿ ಅಪರೂಪ. ಬಸ್ ಪಟ್ಟಣದೊಳಗೆ ಹೊಕ್ಕಿತೋ, ನಿಲ್ದಾಣದ ಸುತ್ತ ಬಾರುಗಳ ಬೋರ್ಡು ಒತ್ತೊತ್ತಾಗಿ ಹೊಳೆಯುತ್ತವೆ. ಹಳ್ಳಿಯವರು ಕುಡಿಯುವುದಿಲ್ಲ, ಪೇಟೆಯವರು ಕುಡಿಯುತ್ತಾರೆ ಎಂದು ಅವನು ತೀರ್ಮಾನಿಸಿದರೆ ತಪ್ಪು ಅವನದಲ್ಲ. ಆದರೆ ಈ ನೋಟವನ್ನು ರೂಪಿಸಿದ್ದು ಜನರ ರೂಢಿಯಲ್ಲ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದು ಎಂದು ಆದೇಶಿಸಿತು. ಮರುವರ್ಷ ಮಾರ್ಚ್‌ನಲ್ಲಿ 20,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಆ ಅಂತರವನ್ನು 220 ಮೀಟರಿಗೆ ಇಳಿಸಿತು. ಜುಲೈನಲ್ಲಿ ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ಈ ಆದೇಶ ಅನ್ವಯಿಸುವುದಿಲ್ಲ ಎಂದಿತು. ಗುಡಿ, ಮಸೀದಿ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕೆಂಬ ನಿಯಮ ರಾಜ್ಯದಲ್ಲಿ ಮೊದಲಿನಿಂದಲೂ ಇದೆ. ಇಷ್ಟೆಲ್ಲ ಗೆರೆ ಎಳೆದ ಮೇಲೆ ಉಳಿದ ಜಾಗದಲ್ಲಿ ಅಂಗಡಿಗಳು ಕೂತಿವೆ.

ಅಂಗಡಿ ಎಲ್ಲಿದೆ ಎಂಬುದು ಹಾಗಾಯಿತು. ಅಂಗಡಿಯಲ್ಲಿ ಏನು ಸಿಗುತ್ತದೆ, ಜನ ಅದನ್ನು ಹೇಗೆ ಕುಡಿಯುತ್ತಾರೆ ಎಂಬುದೂ ಇದೇ ಬಗೆಯಲ್ಲಿ ನಿಶ್ಚಯವಾದದ್ದು. ಸೇಂದಿ ಒಂದು ದಿನಕ್ಕೇ ಹುಳಿತು ಕೆಡುವ ಸರಕು. ಬೆಳಿಗ್ಗೆ ಇಳಿಸಿದ್ದು ಸಂಜೆಯೊಳಗೆ ಆಸುಪಾಸಿನಲ್ಲೇ ಖರ್ಚಾಗಬೇಕು. ಹಾಗಾಗಿ ಅದು ಮರವಿದ್ದ ಊರಿನದು, ಈಳಿಗರ ಕಸುಬಿನದು. ಸಾರಾಯಿ ಹಾಗಲ್ಲ, ಅದನ್ನು ತುಂಬಿ ಸಾಗಿಸಬಹುದು. ಹರಾಜು ಹಿಡಿದ ಗುತ್ತಿಗೆದಾರ ಪಾಕೀಟು ಮಾಡಿ ಹಳ್ಳಿಹಳ್ಳಿಗೆ ಮುಟ್ಟಿಸಿದ. ಕಲಬೆರಕೆಯ ಕಾರಣಕ್ಕೆ ಈ ಭಾಗದಲ್ಲಿ ಸೇಂದಿ ಬಂದಾಯಿತು. 2007ರ ಜುಲೈ 1ರಿಂದ ರಾಜ್ಯವಿಡೀ ಸಾರಾಯಿಯೂ ಬಂದಾಯಿತು. ಆಗ ಕೂಲಿಯವನ ಮುಂದೆ ಉಳಿದದ್ದು ಅಗ್ಗದ ವಿಸ್ಕಿ, ರಮ್ಮು. ಅದೂ 2003ರಲ್ಲಿ ಹುಟ್ಟಿದ ಸರ್ಕಾರಿ ಪಾನೀಯ ನಿಗಮದ ಗೋದಾಮಿನಿಂದಲೇ ಬರಬೇಕಾದದ್ದು. ಕುಡಿಯುವವನು ರುಚಿ ಬದಲಿಸಿದ ಎನ್ನುವುದಕ್ಕಿಂತ ಅವನಿಗೆ ಬೇರೆ ದಾರಿ ಉಳಿಯಲಿಲ್ಲ ಎನ್ನುವುದೇ ಸರಿ.

ಸಂಜೆ ಏಳರ ಹೊತ್ತಿಗೆ ಗಂಗಾವತಿ ಕಡೆಯ ಯಾವುದಾದರೂ ಸಿಎಲ್-2 ಲೈಸೆನ್ಸಿನ ಮದ್ಯದಂಗಡಿಯ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಕಬ್ಬಿಣದ ಜಾಲರಿಯ ಕಿಂಡಿಯೊಳಗೆ ಒಂದು ಕೈ ನೋಟು ಚಾಚುತ್ತದೆ. ಒಳಗಿನಿಂದ 90 ಎಂ.ಎಲ್.ನ ರಟ್ಟಿನ ಪೊಟ್ಟಣ, ಕೇಳಿದರೆ ಒಂದು ಪ್ಲಾಸ್ಟಿಕ್ ಲೋಟ, ಒಂದು ನೀರಿನ ಪಾಕೀಟು ಹೊರಬರುತ್ತವೆ. ಕೊಂಡವನು ನಾಲ್ಕು ಹೆಜ್ಜೆ ಆಚೆ ಹೋಗಿ, ಗೋಡೆಗೆ ಮುಖ ಮಾಡಿ, ಎರಡು ಮೂರು ಗುಟುಕಿಗೆ ಮುಗಿಸಿ, ಶೇಂಗಾ ಬಾಯಿಗೆ ಹಾಕಿಕೊಂಡು, ಟವೆಲ್ಲಿನಿಂದ ಬಾಯಿ ಒರೆಸಿ ಹೊರಡುತ್ತಾನೆ. ಇದಕ್ಕೆ ಐದು ನಿಮಿಷವೂ ಹಿಡಿಯುವುದಿಲ್ಲ. ಹೊರಗಿನವನು ಇದನ್ನು ನೋಡಿ ಇಲ್ಲಿಯವರು ಕುಡಿಯುವ ರೀತಿಯೇ ಹೀಗೆ, ರುಚಿಗಲ್ಲ, ಅಮಲಿಗೆ ಎಂದು ಬರೆದುಕೊಳ್ಳುತ್ತಾನೆ. ಆದರೆ ಸಿಎಲ್-2 ಲೈಸೆನ್ಸಿನಲ್ಲಿ ಕೊಂಡೊಯ್ಯಲು ಮಾತ್ರ ಅನುಮತಿ, ಅಲ್ಲೇ ಕೂತು ಕುಡಿಯುವಂತಿಲ್ಲ. ಕೂರಬೇಕೆಂದರೆ ಸಿಎಲ್-9 ಬಾರಿಗೆ ಹೋಗಿ ಹೆಚ್ಚು ಬೆಲೆ ಕೊಡಬೇಕು. ಬೀದಿಯಲ್ಲಿ ಕುಡಿದರೆ ಪೊಲೀಸರ ಕಾಟ, ಮನೆಯಲ್ಲಿ ಕುಡಿದರೆ ಹೆಂಡತಿ ಮಕ್ಕಳ ಕಣ್ಣು. ಈ ನಾಲ್ಕು ಗೋಡೆಗಳ ನಡುವೆ ಸಿಕ್ಕವನು ಗಡಿಬಿಡಿಯಲ್ಲಿ ನುಂಗದೆ ಇನ್ನೇನು ಮಾಡಿಯಾನು! ಇವನನ್ನು ನೋಡಿ ಮೂಗು ಮುರಿಯುವ ಪ್ರವಾಸಿಗ, ನೆರಳಿನಲ್ಲಿ ದಿಂಬಿಗೆ ಒರಗಿ ಒಂದು ಬಿಯರಿಗೆ ಎರಡು ಗಂಟೆ ಕಳೆಯಬಲ್ಲ. ಅದಕ್ಕೆ ಬೇಕಾದ ಜಾಗವನ್ನೂ ಪುರಸೊತ್ತನ್ನೂ ಅವನು ದುಡ್ಡು ಕೊಟ್ಟು ಕೊಂಡಿರುತ್ತಾನೆ.

ಕೋರ್ಟಿನ ಮಾತಿಗೆ ಬಂದರೆ, ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಗಡ್ಡೆಯ ಹೋಟೆಲುಗಳ ವಿರುದ್ಧ ತೀರ್ಪು ಕೊಟ್ಟದ್ದು, ಮರುತಿಂಗಳೇ ಜೆಸಿಬಿಗಳು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಯಾಕೆ ಎಂಬುದು ಮಾತ್ರ ಮರೆತಿದೆ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ 1988ರಲ್ಲಿ ಹೊರಟ ಅಧಿಸೂಚನೆ ಗಡ್ಡೆಯನ್ನೂ ಸಂರಕ್ಷಿತ ಪ್ರದೇಶಕ್ಕೆ ಸೇರಿಸಿತ್ತು. ಅಲ್ಲಿ ಅನುಮತಿಯಿಲ್ಲದೆ ವಾಣಿಜ್ಯ ಕಟ್ಟಡ ಎಬ್ಬಿಸಬಹುದೇ ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ಅಲ್ಲಿ ಬಿಯರಿನ ಬದಲು ಎಳನೀರು ಮಾರುತ್ತಿದ್ದರೂ ತೀರ್ಪು ಇದೇ ಆಗುತ್ತಿತ್ತು. ಕಟ್ಟಡದ ತಕರಾರನ್ನು ಚಾರಿತ್ರ್ಯದ ತಕರಾರಾಗಿ ಜನ ನೆನಪಿಟ್ಟುಕೊಂಡದ್ದರಿಂದ ಒಂದು ಭ್ರಮೆ ಹುಟ್ಟಿತು: ಹೋಟೆಲು ಹೋದವು, ಕುಡಿತದ ಬೇರೂ ಹೋಯಿತು ಎಂದು. ಹೋಟೆಲುಗಳಾದರೂ ಹೋದದ್ದು ಎಲ್ಲಿಗೆ? ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಸುತ್ತಮುತ್ತಲಿಗೆ.

ಹಾಗಾದರೆ ಇಲ್ಲಿ ಸ್ವಂತದ್ದು ಎನ್ನಬಹುದಾದ ಪದ್ಧತಿಯೇ ಇಲ್ಲವೇ? ಇದೆ. ಅದನ್ನು ಬಾಟಲಿಯ ಹತ್ತಿರ ಹುಡುಕಿದರೆ ಸಿಕ್ಕುವುದಿಲ್ಲ, ಪಂಚಾಂಗದಲ್ಲಿ ಹುಡುಕಬೇಕು. ಶ್ರಾವಣದಲ್ಲಿ ಮುಟ್ಟದವನು, ಸೋಮವಾರವೋ ಶನಿವಾರವೋ ಬಿಡುವವನು, ಅಯ್ಯಪ್ಪನ ಮಾಲೆಯೋ ಹನುಮಮಾಲೆಯೋ ಹಾಕಿದಷ್ಟು ದಿನ ಅಂಗಡಿಯ ದಾರಿ ತುಳಿಯದವನು ಪ್ರತಿ ಓಣಿಯಲ್ಲೂ ಸಿಗುತ್ತಾನೆ. ಡಿಸೆಂಬರಿನಲ್ಲಿ ಅಂಜನಾದ್ರಿ ಹತ್ತಿ ಮಾಲೆ ಬಿಚ್ಚುವ ಸಾವಿರಾರು ಯುವಕರಲ್ಲಿ ಎಷ್ಟೋ ಮಂದಿ ಉಳಿದ ದಿನಗಳಲ್ಲಿ ಕುಡಿಯುವವರೇ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಬಂದು ದಾಸೋಹದಲ್ಲಿ ಉಣ್ಣುವವನು ಅಂದು ಕುಡಿದು ಬರುವುದಿಲ್ಲ. ಹಿರಿಯರ ಎದುರು ಕುಡಿಯಬಾರದು. ಕುಡಿದಿದ್ದರೂ ಎದುರಿಗೆ ಬರಬಾರದು. ಅಪ್ಪನಿಗೂ ಗೊತ್ತು, ಮಗನಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದವರಂತೆ ಇರುತ್ತಾರೆ. ಇದನ್ನು ಆಷಾಢಭೂತಿತನ ಎಂದು ಬೈಯುವುದು ಸುಲಭ. ಆದರೆ ಕಾನೂನು ಜಾಗಕ್ಕೆ ಗೆರೆ ಎಳೆದರೆ ಈ ಪದ್ಧತಿ ಕಾಲಕ್ಕೆ ಗೆರೆ ಎಳೆಯುತ್ತದೆ. ಒಬ್ಬ ಪೊಲೀಸಿನವನೂ ಇಲ್ಲದೆ ಒಂದಿಡೀ ತಿಂಗಳು ಗಂಡಸನ್ನು ಅಂಗಡಿಯಿಂದ ದೂರ ಇಡುವ ಶಕ್ತಿ ಇದಕ್ಕಿದೆ.

ಗಡ್ಡೆಯ ಮೇಲೆ ಅಷ್ಟು ಸಿಟ್ಟು ಬಂದದ್ದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹೊರದೇಶದವರು ಕುಡಿದ ಪ್ರಮಾಣ ಜನರಿಗೆ ಇರಿಸುಮುರಿಸು ತರಲಿಲ್ಲ. ಹಗಲಿನಲ್ಲಿ, ಬಯಲಿನಲ್ಲಿ, ಗಂಡು ಹೆಣ್ಣು ಒಟ್ಟಿಗೆ ಕೂತು, ಯಾರಿಗೂ ಮರೆಮಾಚದೆ ಕುಡಿದದ್ದು ತಂದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 19 ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ಒಬ್ಬರ ಆಸುಪಾಸು. ಪಕ್ಕದ ತೆಲಂಗಾಣದ ಗಂಡಸರ ಲೆಕ್ಕ 43 ದಾಟುತ್ತದೆ. ಬಿಯರ್ ಗ್ಲಾಸು ಹಿಡಿದ ಹೆಂಗಸು ಕೊಪ್ಪಳ ಜಿಲ್ಲೆಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಗಡ್ಡೆ ಊರಿಗೆ ಕುಡಿತ ಕಲಿಸಲಿಲ್ಲ, ಊರು ಮರೆಯಲ್ಲಿಟ್ಟಿದ್ದನ್ನು ಬಯಲಿಗೆ ತಂದಿತು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೂರು ತೂಕದವು.

1. ಕಾನೂನು ಆಕಾಶದಿಂದ ಇಳಿದದ್ದಲ್ಲ, ಜನರ ಭಾವನೆಯೇ ಕಾನೂನಾಗಿದೆ. ಗುಡಿಯಿಂದ 100 ಮೀಟರ್ ಎಂಬ ನಿಯಮ ಹುಟ್ಟಿದ್ದು ಭಕ್ತಿಯಿಂದಲೇ ಎನ್ನಬಹುದು. ಇದು ಅರ್ಧ ಸರಿ. ಅಂಗಡಿ ಎಲ್ಲಿ ಬೇಡ ಎನ್ನುವಾಗ ಸರ್ಕಾರ ಜನರ ಭಾವನೆ ಕೇಳುತ್ತದೆ. ಎಷ್ಟು ಮಾರಬೇಕು ಎನ್ನುವಾಗ ಕೇಳುವುದು ಹಣಕಾಸು ಇಲಾಖೆಯನ್ನು. ರಾಜ್ಯದ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ನಡೆಯಿರಿ ಎನ್ನುತ್ತದೆ. ಅದನ್ನು ಅದೇ ಬಜೆಟ್ಟಿನ ಪಕ್ಕದಲ್ಲಿಟ್ಟು ಓದಬೇಕು.

2. ಪ್ರವಾಸಿಗರಿಂದ ಅಕ್ರಮ ಮಾರಾಟವಾದರೂ ಹೆಚ್ಚಿತಲ್ಲ? ಗಡ್ಡೆಯ ಮಟ್ಟಿಗೆ ಹೆಚ್ಚಿರಬಹುದು. ಆದರೆ ಪ್ರವಾಸಿಗರೇ ಕಾಲಿಡದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲೂ ಕಿರಾಣಿ ಅಂಗಡಿ, ಪಾನ್ ಡಬ್ಬಿಗಳಲ್ಲಿ ಎಣ್ಣೆ ಸಿಗುತ್ತದೆ. 1990ರ ದಶಕದ ಆರಂಭದಿಂದ ಹೊಸ ಸಿಎಲ್-2, ಸಿಎಲ್-9 ಲೈಸೆನ್ಸ್ ಕೊಡುವುದನ್ನು ಸರ್ಕಾರ ತಡೆಹಿಡಿಯಿತು. ಹಳ್ಳಿಯಲ್ಲಿ ಲೈಸೆನ್ಸಿನ ಅಂಗಡಿ ಇಲ್ಲ, ಕುಡಿಯುವವರು ಇದ್ದಾರೆ. ಪೇಟೆಯಿಂದ ಡಬ್ಬಗಟ್ಟಲೆ ಕೊಂಡುಹೋಗಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಮಾರುವವನು ಹುಟ್ಟಿಕೊಳ್ಳಲು ಇಷ್ಟು ಸಾಕು. ಸಾಣಾಪುರದ ಹೋಂಸ್ಟೇ ಮೇಲೆ ನಡೆಯುವ ದಾಳಿಯಿಂದ ಅವನ ವ್ಯಾಪಾರ ಒಂದು ಪೊಟ್ಟಣದಷ್ಟೂ ಇಳಿಯದು.

3. ಎಲ್ಲವನ್ನೂ ಅಬಕಾರಿಯ ತಲೆಗೆ ಕಟ್ಟಿದರೆ ಕುಡಿಯುವವನ ಹೊಣೆ ಏನಾಯಿತು? ಪ್ರಶ್ನೆ ನ್ಯಾಯವಾದದ್ದು. ಕೂಲಿಯ ಅರ್ಧವನ್ನು ಕಿಂಡಿಯೊಳಗೆ ಚಾಚುವ ಕೈ ಅವನದೇ. ಆದರೆ ಪರದೇಶಿಯ ಮೇಲೆ ಹೊರಿಸುವ ವಾದ ಅವನ ಹೊಣೆಯನ್ನು ನೆನಪಿಸುತ್ತಿಲ್ಲ, ಮರೆಸುತ್ತಿದೆ. ಹಾಳುಮಾಡಿದವರು ಹೊರಗಿನವರು ಎಂದ ಮೇಲೆ ಊರಿನವನು ಕೆಟ್ಟವನಲ್ಲ, ಕೆಡಿಸಲ್ಪಟ್ಟವನು.

ಬಸ್ಸಿಗೆ ಇನ್ನೊಂದು ದಿಕ್ಕೂ ಇದೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಗೋವಾದಿಂದ ಬಿಳಿಯರನ್ನು ತರುವ ದಾರಿಯಲ್ಲೇ, ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಊರುಗಳ ಗಂಡಸರು ಹೆಂಗಸರು ಚೀಲ, ಬುತ್ತಿ, ಕೂಸು ಸಮೇತ ಕಟ್ಟಡದ ಕೆಲಸಕ್ಕೆ ಗೋವಾಕ್ಕೂ ಮಂಗಳೂರಿಗೂ ದುಡಿಯಲು ಹೋಗುತ್ತಾರೆ. ಮದ್ಯ ಅಗ್ಗವಾಗಿರುವ ಊರಿನಲ್ಲಿ ದಿನಗೂಲಿ ಎಣಿಸಿಕೊಂಡು, ತಗಡಿನ ಶೆಡ್ಡಿನಲ್ಲಿ, ಹಿರಿಯರ ಕಣ್ಣೂ ಊರ ಪಂಚಾಂಗವೂ ಇಲ್ಲದೆ ಬದುಕುವ ತಿಂಗಳುಗಳವು. ಗಂಗಾವತಿಯ ನೀರಾವರಿ ಸೀಮೆಯಲ್ಲಿ ಒಬ್ಬ ಹುಡುಗ ವಿದೇಶಿಯರನ್ನು ನೋಡಿ ಕುಡಿತ ಕಲಿತಿರಬಹುದು. ಒಣಬೇಸಾಯದ ಎರಡು ತಾಲ್ಲೂಕುಗಳಲ್ಲಿ ಅದನ್ನು ಕಲಿಸಲು ವಿದೇಶಿಯರು ಬರಬೇಕಾಗಿಯೇ ಇರಲಿಲ್ಲ. ಬರಗಾಲವೂ ಗುಳೆಯೂ ಸಾಕಿದ್ದವು.

ಈ ವಿಷಯದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಯೋಚಿಸಿದವರು ಹೆಂಗಸರು. 2019ರ ಜನವರಿಯಲ್ಲಿ ಮದ್ಯನಿಷೇಧ ಆಂದೋಲನದ ಕರೆಗೆ ಓಗೊಟ್ಟು ರಾಯಚೂರು, ಕೊಪ್ಪಳ ಸೇರಿ ಹಲವು ಜಿಲ್ಲೆಗಳ ಸಾವಿರಾರು ಗ್ರಾಮೀಣ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ 200 ಕಿಲೋಮೀಟರ್ ಆಸುಪಾಸು ನಡೆದರು. ಅವರು ನಡೆದದ್ದು ಹಂಪಿಯ ಕಡೆಗಲ್ಲ, ವಿಧಾನಸೌಧದ ಕಡೆಗೆ. ಅವರು ಕೇಳಿದ ಸಂಪೂರ್ಣ ಪಾನನಿಷೇಧ ಸರಿಯಾದ ಮದ್ದೇ ಎಂಬುದರ ಬಗ್ಗೆ ವಾದ ಮಾಡಬಹುದು. 1948ರಿಂದ 1967ರವರೆಗಿನ ಅನುಭವ ಅದರ ಪರವಾಗಿಲ್ಲ. ಕಳ್ಳಭಟ್ಟಿಯ ಇತಿಹಾಸ ಬಲ್ಲವರು ಎಚ್ಚರಿಸುವುದೂ ಇದನ್ನೇ. ಆದರೆ ವಿಳಾಸವನ್ನು ಅವರು ಸರಿಯಾಗಿಯೇ ಹಿಡಿದಿದ್ದರು. 2023ರ ಸೆಪ್ಟೆಂಬರಿನಲ್ಲಿ 3,000ಕ್ಕಿಂತ ಹೆಚ್ಚು ಜನರಿರುವ ಗ್ರಾಮ ಪಂಚಾಯ್ತಿಗಳಲ್ಲಿ ಹೊಸ ಮದ್ಯದಂಗಡಿ ತೆರೆಯುವ ಪ್ರಸ್ತಾವ ಹೊರಬಿದ್ದು, ವಿರೋಧ ಎದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು. ಆ ಅಂಗಡಿಗಳು ತೆರೆದಿದ್ದರೆ ಅವುಗಳ ಮುಂದೆ ಸಾಲು ನಿಲ್ಲುತ್ತಿದ್ದವರು ಸಾಣಾಪುರದ ಕೆರೆ ನೋಡಲು ಬಂದವರಲ್ಲ. ಹಿರೇಹಳ್ಳಿಗಳ ಹಮಾಲರು, ನಾಟಿ ಮಾಡುವ ಕೂಲಿಗಳು, ಗುಳೆಯಿಂದ ಆ ವಾರವಷ್ಟೇ ಮರಳಿದ ಗಾರೆಯವರು.